ಕುಡಿ ಚಿವುಟಿದ್ದು ಕೆಳಗಿನ ಮೊಗ್ಗಿಗೆ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ, ಮಾನ್ವಿ ತಾಲ್ಲೂಕು. ಎರೆ ಹೊಲದಲ್ಲಿ ತೊಗರಿ ಮತ್ತು ಹತ್ತಿ ಹಾಕುತ್ತೇವೆ. ತೊಗರಿಯ ಕುಡಿ ಚಿವುಟಿದರೆ ಕೆಲವು ದಿನಗಳಲ್ಲಿ ಕೆಳಗಿನಿಂದ ಕವಲು ಒಡೆಯುತ್ತವೆ. ಮೇಲೆ ಚಿವುಟಿದ್ದು ಎರಡು ಅಡಿ ಕೆಳಗಿರುವ ಮೊಗ್ಗಿಗೆ ಗೊತ್ತಾಗುವುದು ಹೇಗೆ? ಗಿಡಕ್ಕೆ ನರ ಇಲ್ಲ, ಮಿದುಳು ಇಲ್ಲ ಅಲ್ವಾ? ಗಿಡ ಬಾಡಿದಾಗ, ಕತ್ತರಿಸಿದಾಗ ಕಿರುಚುತ್ತದೆ ಅಂತ ಒಂದು ವಿಡಿಯೊ ವಾಟ್ಸ್ಆಪ್‌ನಲ್ಲಿ ಓಡಾಡುತ್ತಿದೆ, ಅದು ನಿಜವಾ? ಇನ್ನೊಂದು ಮಾತು: ಈ ಸಲ ಮಳೆ ತಡವಾಗಿ ಬಿತ್ತನೆಯೂ ತಡವಾಯಿತು. ಈಗಲೂ ಕುಡಿ ಚಿವುಟಬಹುದಾ?

ಉತ್ತರ: ಮೊದಲು ಹೊಲಕ್ಕೆ ಹೋಗಿ ಒಂದು ತೊಗರಿ ಗಿಡ ಬಗ್ಗಿಸಿ ನೋಡಿ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ, ಪ್ರತಿ ಎಲೆಯ ಕಂಕುಳಲ್ಲೂ, ಸಾಸಿವೆ ಕಾಳಿನಷ್ಟು ಅಥವಾ ಅದಕ್ಕೂ ಸಣ್ಣದಾದ ಹಸಿರು ಮೊಗ್ಗು ಇರುತ್ತದೆ. ಉಗುರಿನಿಂದ ಎಲೆಯನ್ನು ಕೆಳಕ್ಕೆ ಒತ್ತಿದರೆ ಕಾಣುತ್ತದೆ. ನೀವು ಕುಡಿ ಚಿವುಟಿದ ಮೇಲೆ ಈ ಮೊಗ್ಗು ಹುಟ್ಟುವುದಲ್ಲ. ಅದು ಮೊದಲೇ ತಯಾರಾಗಿ ಸುಮ್ನೆ ಕೂತಿರುತ್ತದೆ. ಹಾಗಾಗಿ ಕೇಳಬೇಕಾದದ್ದು ಎರಡು: ಇಷ್ಟು ದಿನ ಅದನ್ನು ಕೂರಿಸಿದ್ದು ಏನು? ಎಬ್ಬಿಸಿದ್ದು ಏನು?

ಕೂರಿಸಿದ್ದರ ಕಥೆ ಹಳೆಯದು. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಎಳೆ ಮೊಳಕೆಗಳ ಮೇಲೆ ಒಂದು ಸರಳ ಪ್ರಯೋಗ ಮಾಡಿದರು. ಮೊಳಕೆ ಬೆಳಕಿನ ಕಡೆ ಬಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಮೊಳಕೆಯ ತುದಿಗೆ ಮಾತ್ರ ಟೋಪಿ ಹಾಕಿ ಮುಚ್ಚಿದರೆ ಬಾಗಲಿಲ್ಲ. ವಿಶೇಷ ಏನೆಂದರೆ, ಬಾಗುವ ಜಾಗ ತುದಿಯಲ್ಲ, ಅದಕ್ಕಿಂತ ಕೆಳಗೆ. ಅಂದರೆ ಬೆಳಕು ಗೊತ್ತಾಗುವುದು ಒಂದು ಕಡೆ, ಕೆಲಸ ನಡೆಯುವುದು ಇನ್ನೊಂದು ಕಡೆ. ನಡುವೆ ಏನೋ ಇಳಿದು ಬರುತ್ತಿರಬೇಕು. 1926ರ ಹೊತ್ತಿಗೆ ಹಾಲೆಂಡಿನ ಫ್ರಿಟ್ಸ್ ವೆಂಟ್ ಮೊಳಕೆಯ ತುದಿಗಳನ್ನು ಕತ್ತರಿಸಿ ಅಗರ್ ಜೆಲ್ಲಿಯ ಮೇಲೆ ಇಟ್ಟರು. ಆಮೇಲೆ ಬರೀ ಆ ಜೆಲ್ಲಿಯ ತುಂಡನ್ನು ತುದಿಯಿಲ್ಲದ ಮೊಳಕೆಯ ಒಂದು ಪಕ್ಕಕ್ಕೆ ಇಟ್ಟರೂ ಅದು ಬಾಗಿತು. ತುದಿಯಲ್ಲಿದ್ದ ವಸ್ತು ಜೆಲ್ಲಿಗೆ ಇಳಿದಿತ್ತು. ಅದಕ್ಕೇ ಆಕ್ಸಿನ್ ಅಂತ ಹೆಸರು.

ಕುಡಿಯ ಪ್ರಶ್ನೆಗೆ ಇದು ಬಂದು ಸೇರಿದ್ದು 1933ರ ಸುಮಾರಿಗೆ. ಕೆನೆತ್ ಥೀಮನ್ ಮತ್ತು ಫೋಲ್ಕೆ ಸ್ಕೂಗ್ ಎಂಬ ವಿಜ್ಞಾನಿಗಳು ಅವರೆಕಾಳಿನ ಜಾತಿಯ ಗಿಡವೊಂದರ ಕುಡಿ ತೆಗೆದು, ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಹಚ್ಚಿದರು. ಕುಡಿ ಇಲ್ಲದಿದ್ದರೂ ಕೆಳಗಿನ ಮೊಗ್ಗುಗಳು ಮಿಸುಕಲಿಲ್ಲ. ಅಲ್ಲಿಗೆ ಉತ್ತರ ಸಿಕ್ಕಿತು ಅಂತ ಎಲ್ಲರೂ ಅಂದುಕೊಂಡರು: ಕುಡಿ ಆಕ್ಸಿನ್ ಮಾಡುತ್ತದೆ, ಅದು ಕಾಂಡದಲ್ಲಿ ಕೆಳಗೆ ಹರಿದು ಬರುತ್ತದೆ, ಬರುವಷ್ಟು ದಿನ ಮೊಗ್ಗು ಎದ್ದೇಳಬಾರದು. ಕುಡಿ ಹೋಯಿತು, ಹರಿವು ನಿಂತಿತು, ಮೊಗ್ಗು ಎದ್ದಿತು. ನಾವು ಓದುವಾಗಲೂ ಪಠ್ಯದಲ್ಲಿ ಇದ್ದದ್ದು ಇಷ್ಟೇ. ಈಗಲೂ ಬಹಳ ಕಡೆ ಇಷ್ಟೇ ಹೇಳಿ ಮುಗಿಸುತ್ತಾರೆ.

ಆದರೆ ಲೆಕ್ಕ ಹಾಕಿ ನೋಡಿ. ಆಕ್ಸಿನ್ ನೀರಿನ ಜೊತೆ ಸರ್ರನೆ ಇಳಿಯುವುದಿಲ್ಲ. ಒಂದು ಜೀವಕೋಶದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟಬೇಕು. ಕಾಂಡದ ಕೋಶಗಳಲ್ಲಿ ಅದನ್ನು ಹೊರಗೆ ಬಿಡುವ ಬಾಗಿಲುಗಳು ಹೆಚ್ಚಾಗಿ ಕೆಳಮುಖದಲ್ಲೇ ಇರುತ್ತವೆ. ಅದಕ್ಕೇ ಕಾಂಡವನ್ನು ಕತ್ತರಿಸಿ ತಲೆಕೆಳಗೆ ನಿಲ್ಲಿಸಿದರೂ ಆಕ್ಸಿನ್ ಬುಡದ ಕಡೆಗೇ ಹೋಗುತ್ತದೆ. ಈ ನಡಿಗೆಯ ವೇಗ ಗಂಟೆಗೆ ಸುಮಾರು 1 ಸೆಂಟಿಮೀಟರ್. ನಿಮ್ಮ ಎರಡು ಅಡಿ ಅಂದರೆ 60 ಸೆಂಟಿಮೀಟರ್. ಮೇಲೆ ಹರಿವು ನಿಂತಿದ್ದು ಕೆಳಗೆ ತಿಳಿಯಲು 60 ಗಂಟೆ, ಎರಡೂವರೆ ದಿನ ಬೇಕು. ಬಟಾಣಿ ಗಿಡದಲ್ಲಿ ಕ್ಯಾಮೆರಾ ಇಟ್ಟು ಅಳೆದವರಿಗೆ ಕಂಡದ್ದೇ ಬೇರೆ. ಕುಡಿ ತೆಗೆದ ಕೆಲವೇ ಗಂಟೆಗಳಲ್ಲಿ ದೂರದ ಮೊಗ್ಗು ಬೆಳೆಯಲು ಶುರು ಮಾಡಿರುತ್ತದೆ. ಆಗ ಅದರ ಪಕ್ಕದ ಕಾಂಡದಲ್ಲಿ ಆಕ್ಸಿನ್ ಇನ್ನೂ ಕಡಿಮೆಯಾಗಿರುವುದೇ ಇಲ್ಲ. ಸುದ್ದಿ ಬರುವ ಮೊದಲೇ ಮೊಗ್ಗು ಎದ್ದಿದೆ!

ಹಾಗಾದರೆ ಎಬ್ಬಿಸಿದ್ದು ಯಾರು? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಬೆವೆರಿಜ್ ಮತ್ತು ಜೊತೆಯವರು 2014ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಅದು ಸಕ್ಕರೆ. ಎಲೆಗಳು ಮಾಡಿದ ಸಕ್ಕರೆ ಕಾಂಡದ ತೊಗಟೆಯ ಒಳಪದರದಲ್ಲಿ ಹರಿಯುತ್ತಿರುತ್ತದೆ. ಬೆಳೆಯುವ ಕುಡಿ ಅದರ ದೊಡ್ಡ ಪಾಲನ್ನು ಎಳೆದುಕೊಳ್ಳುತ್ತದೆ. ಕುಡಿ ಹೋದ ತಕ್ಷಣ ಆ ಪಾಲು ಉಳಿಯಿತು, ಕೆಳಗಿನ ಮೊಗ್ಗುಗಳ ಕಡೆ ತಿರುಗಿತು. ಸಕ್ಕರೆಯ ಓಟ ಗಂಟೆಗೆ ಮೀಟರ್ ಲೆಕ್ಕದ್ದು, ಆಕ್ಸಿನ್ ಥರ ಸೆಂಟಿಮೀಟರ್ ಲೆಕ್ಕದ್ದಲ್ಲ. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕುಡಿ ಇರುವ ಗಿಡಕ್ಕೇ ಹೆಚ್ಚುವರಿ ಸಕ್ಕರೆ ಉಣಿಸಿದರು. ಕುಡಿ ಇದ್ದರೂ ಮೊಗ್ಗು ಎದ್ದಿತು.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನವರು ತೂಬು ಮುಚ್ಚಿದರೆ ಕೆಳಗೆ ನೀರು ಬರುತ್ತದೆ. ಮೇಲೆ ತೂಬು ಮುಚ್ಚಿದರು ಅಂತ ಯಾರೂ ಫೋನ್ ಮಾಡಿ ಹೇಳಬೇಕಾಗಿಲ್ಲ, ನೀರು ಬಂದಿದ್ದೇ ಸುದ್ದಿ. ಮೊಗ್ಗಿನ ವಿಷಯವೂ ಅಷ್ಟೆ. ಅದಕ್ಕೆ ಸುದ್ದಿಗಿಂತ ಮೊದಲು ಊಟ ಮುಟ್ಟಿತು.

ಹಾಗಂತ ಆಕ್ಸಿನ್‌ಗೆ ಕೆಲಸ ಇಲ್ಲ ಅಂತಲ್ಲ. ಎದ್ದ ಮೊಗ್ಗು ನಿಜವಾದ ಕವಲಾಗಿ ಬೆಳೆಯಬೇಕೋ, ಎರಡು ದಿನ ಆಡಿ ಮತ್ತೆ ಕೂರಬೇಕೋ ಅನ್ನುವುದು ಆಮೇಲೆ ತೀರ್ಮಾನವಾಗುತ್ತದೆ. ಅಲ್ಲಿ ಆಕ್ಸಿನ್ ಇದೆ. ಮೊಗ್ಗಿಗೆ ಬೆಳೆ ಅನ್ನುವ ಸೈಟೊಕೈನಿನ್ ಇದೆ. ಬೇಡ ಅನ್ನುವ ಸ್ಟ್ರೈಗೊಲ್ಯಾಕ್ಟೋನ್ ಕೂಡ ಇದೆ. ಈ ಮೂರನೆಯದು ಕವಲನ್ನು ತಡೆಯುತ್ತದೆ ಅಂತ ಗೊತ್ತಾಗಿದ್ದು 2008ರಲ್ಲಷ್ಟೇ. ಇದೆಲ್ಲ ಬಟಾಣಿಯಲ್ಲಿ, ಭತ್ತದಲ್ಲಿ, ಸಾಸಿವೆ ಜಾತಿಯ ಒಂದು ಪುಟ್ಟ ಕಳೆಯಲ್ಲಿ ನಡೆದ ಕೆಲಸ. ತೊಗರಿ ಬಟಾಣಿಯ ಕುಟುಂಬದ್ದೇ ಆದ್ದರಿಂದ ದಾರಿ ಇದೇ ಅಂತ ನಾನು ನಂಬುತ್ತೇನೆ.

ಸ್ಟ್ರೈಗೊಲ್ಯಾಕ್ಟೋನ್ ಬಗ್ಗೆ ಒಂದು ಅಡ್ಡಮಾತು, ಹತ್ತಿ ಬೆಳೆಯುವವರು ಕೇಳಲೇಬೇಕಾದದ್ದು. ಜೋಳದ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಕಳೆ ನೀವು ನೋಡಿರುತ್ತೀರಿ. ಅದರ ಬೀಜ ಧೂಳಿನಷ್ಟು ಸಣ್ಣದು, ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತದೆ. ಹತ್ತಿರದಲ್ಲಿ ಬೇರಿನ ವಾಸನೆ ಸಿಕ್ಕಾಗಲೇ ಮೊಳೆಯುತ್ತದೆ. ಆ ವಾಸನೆಯ ವಸ್ತುವೇ ಸ್ಟ್ರೈಗೊಲ್ಯಾಕ್ಟೋನ್, ಅದನ್ನು 1966ರಲ್ಲಿ ಮೊದಲು ಬೇರ್ಪಡಿಸಿದ್ದು ಹತ್ತಿಯ ಬೇರಿನಿಂದ. ಹತ್ತಿಗೆ ಸ್ಟ್ರೈಗಾ ಅಂಟಲಾರದು. ಹತ್ತಿಯ ಬೇರು ಕರೆಯಿತು ಅಂತ ಮೊಳೆತ ಬೀಜ ಅನ್ನ ಸಿಗದೆ ಸಾಯುತ್ತದೆ. ಜೋಳಕ್ಕೆ ಈ ಕಳೆ ಬರುವ ಹೊಲದಲ್ಲಿ ಒಂದು ವರ್ಷ ಹತ್ತಿ ಹಾಕಿ ಅನ್ನುವುದರ ಹಿಂದೆ ಇರುವ ಲೆಕ್ಕ ಇದೇ. ಹಾಗಾದರೆ ಶತ್ರುವನ್ನು ಕರೆಯುವ ವಸ್ತುವನ್ನು ಬೇರು ಯಾಕೆ ಬಿಡುತ್ತದೆ? ರಂಜಕ ಕಡಿಮೆ ಇರುವ ಮಣ್ಣಿನಲ್ಲಿ ಬೇರಿಗೆ ನೆರವಾಗುವ ಮೈಕೊರೈಜಾ ಶಿಲೀಂಧ್ರವನ್ನು ಕರೆಯಲು. ಸ್ಟ್ರೈಗಾ ಆ ಕರೆಯನ್ನು ಕದ್ದು ಕೇಳುತ್ತದೆ. ಒಂದೇ ವಸ್ತು ಗಿಡದ ಒಳಗೆ ಮೊಗ್ಗನ್ನು ತಡೆಯುತ್ತದೆ, ಹೊರಗೆ ಶಿಲೀಂಧ್ರವನ್ನು ಕರೆಯುತ್ತದೆ. ಅರ್ಥ ಇರುವುದು ವಸ್ತುವಿನಲ್ಲಲ್ಲ, ಅದನ್ನು ಪಡೆಯುವವರಲ್ಲಿ.

ಇಷ್ಟೆಲ್ಲ ಓಡಾಡಲು ಗಿಡದೊಳಗೆ ಎರಡು ದಾರಿ ಇವೆ. ಒಳಗಿನ ಕಟ್ಟಿಗೆ ಭಾಗದಲ್ಲಿ ನೀರು ಬೇರಿನಿಂದ ಮೇಲಕ್ಕೆ ಹೋಗುತ್ತದೆ, ಅದು ಕ್ಸೈಲಂ. ತೊಗಟೆಯ ಒಳಪದರದಲ್ಲಿ ಸಕ್ಕರೆಯ ರಸ ಎಲೆಯಿಂದ ಬೇಕಾದ ಕಡೆಗೆ, ಮೇಲಕ್ಕೂ ಕೆಳಕ್ಕೂ ಹೋಗುತ್ತದೆ, ಅದು ಫ್ಲೋಯಂ. ಬದುವಿನ ಬೇವಿನ ಗಿಡಕ್ಕೆ ಯಾರೋ ಬೇಲಿಯ ತಂತಿ ಬಿಗಿದು ವರ್ಷಾನುಗಟ್ಟಲೆ ಮರೆತಿದ್ದರೆ ಹೋಗಿ ನೋಡಿ. ತಂತಿಯ ಮೇಲ್ಗಡೆ ಕಾಂಡ ಊದಿಕೊಂಡಿರುತ್ತದೆ, ಕೆಳಗಡೆ ಸಪೂರ. ಕೆಳಗೆ ಹೋಗಬೇಕಾದ ಆಹಾರ ತಂತಿಯ ಹತ್ತಿರ ತಡೆದು ನಿಂತಿದೆ. ಆದರೂ ಮೇಲಿನ ಎಲೆ ಹಸಿರಾಗಿದೆ, ಯಾಕೆಂದರೆ ಒಳಗಿನ ನೀರಿನ ದಾರಿ ಕಟ್ಟಿಲ್ಲ. ಇಟಲಿಯ ಮಾಲ್ಪಿಘಿ 17ನೇ ಶತಮಾನದಲ್ಲೇ ತೊಗಟೆಯನ್ನು ಉಂಗುರದಂತೆ ತೆಗೆದು ಇದನ್ನು ತೋರಿಸಿದ್ದರು.

ಈಗ ಬೇರಿನ ಕಡೆಯಿಂದ ನೋಡೋಣ. ನಮ್ಮ ಭಾಗದಲ್ಲಿ ಅದೇ ದೊಡ್ಡ ವಿಷಯ.

ಎರೆ ಭೂಮಿ ಹಸಿ ಆರುತ್ತಾ ಬಂದಾಗ ಎಲೆಯ ಮೇಲಿನ ಸಣ್ಣ ಬಾಯಿಗಳು, ಅಂದರೆ ಪತ್ರರಂಧ್ರಗಳು, ಮುಚ್ಚಿಕೊಳ್ಳುತ್ತವೆ. ಮುಚ್ಚಿಸುವ ವಸ್ತು ಅಬ್ಸಿಸಿಕ್ ಆಮ್ಲ. ಇದಕ್ಕೂ ಹತ್ತಿಗೂ ನಂಟಿದೆ. 1963ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಫ್ರೆಡ್ರಿಕ್ ಆಡಿಕಾಟ್ ಅವರ ತಂಡ ಇದನ್ನು ಬೇರ್ಪಡಿಸಿದ್ದು ಎಳೆ ಹತ್ತಿ ಕಾಯಿಗಳಿಂದ. ಅವರು ಹುಡುಕುತ್ತಿದ್ದದ್ದು ಕಾಯಿ ಯಾಕೆ ಉದುರುತ್ತದೆ ಅನ್ನುವುದನ್ನು. ಸಿಕ್ಕಿದ್ದು ಬರಗಾಲದ ಹಾರ್ಮೋನು. ಹತ್ತಿ ಮೊಗ್ಗು, ಕಾಯಿ ಉದುರುವುದರಲ್ಲಿ ಎಥಿಲೀನ್ ಅನ್ನುವ ಅನಿಲದ ಪಾತ್ರವೇ ದೊಡ್ಡದು ಅಂತ ಆಮೇಲೆ ಗೊತ್ತಾಯಿತು.

ಬಹಳ ಕಾಲ ನಂಬಿದ್ದು ಹೀಗೆ: ಒಣಗಿದ ಬೇರು ಈ ಆಮ್ಲವನ್ನು ಮಾಡಿ ನೀರಿನ ದಾರಿಯಲ್ಲಿ ಎಲೆಗೆ ಕಳಿಸುತ್ತದೆ. 2002ರಲ್ಲಿ ಟೊಮೆಟೊ ಕಸಿ ಮಾಡಿ ಪರೀಕ್ಷೆ ಮಾಡಿದರು. ಈ ಆಮ್ಲವನ್ನು ಸರಿಯಾಗಿ ಮಾಡಲಾಗದ ಬೇರಿನ ಮೇಲೆ ಸರಿಯಾದ ಗಿಡವನ್ನು ಕಸಿ ಕಟ್ಟಿದರು. ಮಣ್ಣು ಒಣಗಿದಾಗ ಎಲೆ ಬಾಯಿ ಮುಚ್ಚಿತು. ಅಂದರೆ ಎಲೆಯೇ ತನಗೆ ಬೇಕಾದ ಆಮ್ಲ ಮಾಡಿಕೊಳ್ಳುತ್ತದೆ. ಬೇರಿನಿಂದ ಬರುವುದು ಬೇರೆ ಏನೋ. 2018ರಲ್ಲಿ ಜಪಾನಿನ ರೈಕೆನ್ ಸಂಸ್ಥೆಯವರು ಒಂದನ್ನು ಹಿಡಿದರು: ಕೆಲವೇ ಅಮೈನೊ ಆಮ್ಲಗಳ ಒಂದು ಚಿಕ್ಕ ಪೆಪ್ಟೈಡ್, ಅಂದರೆ ಪ್ರೋಟೀನಿನ ತುಣುಕಿನಂಥದ್ದು, ಹೆಸರು ಸಿಎಲ್‌ಇ25. ಬೇರಿನಿಂದ ಮೇಲೇರಿ ಎಲೆಗೆ ಬಂದು ಅಲ್ಲಿ ಆಮ್ಲ ತಯಾರಾಗುವಂತೆ ಮಾಡುತ್ತದೆ. ಇದರ ಜೊತೆ ನೀರಿನ ಎಳೆತದಲ್ಲಿ ಆಗುವ ವ್ಯತ್ಯಾಸವೂ ಒಂದು ಸುದ್ದಿಯೇ. ಕೊಳವೆಯಲ್ಲಿ ಸೆಳೆತ ಜಾಸ್ತಿಯಾದರೆ ಎಲೆಗೆ ಬೇಗ ಮುಟ್ಟುತ್ತದೆ.

ಇದನ್ನು ಹೊಲದಲ್ಲಿ ಉಪಯೋಗಿಸಬಹುದು. ಕಾಲುವೆ ನೀರು ಇಲ್ಲವೇ ಬೋರ್ ನೀರು ಇದ್ದರೆ ಹತ್ತಿಗೆ ಸಾಲು ಬಿಟ್ಟು ಸಾಲು ನೀರು ಕೊಡಿ. ಒಂದು ಸಲ ಈ ಸಾಲು, ಮುಂದಿನ ಸಲ ಆ ಸಾಲು. ಅರ್ಧ ಬೇರು ಹಸಿಯಲ್ಲಿರುತ್ತದೆ, ಗಿಡ ಸೊರಗುವುದಿಲ್ಲ. ಇನ್ನರ್ಧ ಬೇರು ಒಣಗುತ್ತಿದ್ದೇನೆ ಅಂತ ಮೇಲೆ ತಿಳಿಸುತ್ತಿರುತ್ತದೆ, ಎಲೆ ಬಾಯಿಯನ್ನು ಸ್ವಲ್ಪ ಕಿರಿದು ಮಾಡುತ್ತದೆ. ನೀರು ಉಳಿಯುತ್ತದೆ, ಇಳುವರಿ ಅಷ್ಟಾಗಿ ಇಳಿಯುವುದಿಲ್ಲ. ಎರೆ ಹೊಲದಲ್ಲಿ ಬಿರುಕು ಬಿಡುವಷ್ಟು ಒಣಗಲು ಬಿಡಬೇಡಿ. ಬಿರುಕು ಬಿಟ್ಟರೆ ಬೇರುಗಳೇ ತುಂಡಾಗುತ್ತವೆ.

ನೀರು ಹೆಚ್ಚಾದಾಗಿನ ಕಥೆ ಇನ್ನೂ ಮುಖ್ಯ, ಯಾಕೆಂದರೆ ಅಲ್ಲಿ ರೈತರು ಮೋಸ ಹೋಗುತ್ತಾರೆ. ಜೋರು ಮಳೆ ಬಂದು ನೀರು ನಿಂತ ಹೊಲದಲ್ಲಿ ಹತ್ತಿ ಗಿಡ ಇದ್ದಕ್ಕಿದ್ದಂತೆ ಜೋತು ಬೀಳುತ್ತದೆ. ನೋಡಿದವರಿಗೆ ನೀರು ಸಾಲದೆ ಬಾಡಿದ ಹಾಗೆ ಕಾಣುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿ ಇಲ್ಲ. ಎಥಿಲೀನ್ ಆಗುವುದಕ್ಕೆ ಮೊದಲಿನ ವಸ್ತು, ಎಸಿಸಿ ಅಂತ ಕರೆಯುತ್ತಾರೆ, ಬೇರಿನಲ್ಲಿ ಆಗುತ್ತದೆ. ಅದನ್ನು ಎಥಿಲೀನ್ ಮಾಡಲು ಆಮ್ಲಜನಕ ಬೇಕು, ಬೇರಿನಲ್ಲಿ ಅದಿಲ್ಲ. ಹಾಗಾಗಿ ಎಸಿಸಿ ನೀರಿನ ಜೊತೆ ಮೇಲಕ್ಕೆ ಹೋಗುತ್ತದೆ. ಎಲೆಯಲ್ಲಿ ಗಾಳಿ ಧಾರಾಳ ಇದೆ, ಅಲ್ಲಿ ಎಥಿಲೀನ್ ಆಗುತ್ತದೆ. ತೊಟ್ಟು ಕೆಳಕ್ಕೆ ಬಾಗುತ್ತದೆ. ಟೊಮೆಟೊ ಗಿಡದಲ್ಲಿ ಇದನ್ನು 1980ರಲ್ಲೇ ಬ್ರಾಡ್‌ಫೋರ್ಡ್ ಮತ್ತು ಯಾಂಗ್ ತೋರಿಸಿದ್ದರು.

ಹತ್ತಿಯಲ್ಲಿ ಹೀಗೆ ಹಠಾತ್ತನೆ ಬಾಡುವುದಕ್ಕೆ ಪ್ಯಾರಾವಿಲ್ಟ್ ಅಂತಾರೆ. ಬಹಳ ದಿನ ಒಣಗಿ ಆಮೇಲೆ ಜೋರು ಮಳೆಯಾದಾಗ, ಅದೂ ಕಾಯಿ ತುಂಬಿದ ಗಿಡದಲ್ಲಿ, ಇದು ಜಾಸ್ತಿ. ಇದು ರೋಗಾಣುವಿನಿಂದ ಬರುವ ಸೊರಗು ಅಲ್ಲ, ಶಿಲೀಂಧ್ರನಾಶಕ ಹಾಕಿ ದುಡ್ಡು ಕಳೆಯಬೇಡಿ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಕೊಡುವ ಸಲಹೆ ಕೋಬಾಲ್ಟ್ ಕ್ಲೋರೈಡ್, 10 ಪಿಪಿಎಂ, ಅಂದರೆ ಲೀಟರ್ ನೀರಿಗೆ 10 ಮಿಲಿಗ್ರಾಂ, ಬಾಡಲು ಶುರುವಾದ ಕೆಲವೇ ಗಂಟೆಗಳೊಳಗೆ ಸಿಂಪಡಿಸಬೇಕು ಅಂತ. ಕೋಬಾಲ್ಟ್ ಮಾಡುವುದು ಇಷ್ಟೆ: ಎಸಿಸಿಯಿಂದ ಎಥಿಲೀನ್ ಆಗುವುದನ್ನು ತಡೆಯುತ್ತದೆ. ಎರಡು ದಿನ ಬಿಟ್ಟು ಸಿಂಪಡಿಸಿದರೆ ಉಪಯೋಗ ಇಲ್ಲ. ಅದಕ್ಕಿಂತ ಮೊದಲು ಬದು ಕಡಿದು ನೀರು ಹೊರಗೆ ಬಿಡಿ. ಜೋತುಬಿದ್ದಿದೆ ಅಂತ ಮತ್ತೆ ನೀರು ಮಾತ್ರ ಕೊಡಬೇಡಿ.

ಇನ್ನು ಹುಳು ತಿಂದಾಗ ಏನಾಗುತ್ತದೆ ಅನ್ನುವುದು. 1972ರಲ್ಲಿ ಅಮೆರಿಕದ ಕ್ಲಾರೆನ್ಸ್ ರಯಾನ್ ಮತ್ತು ಗ್ರೀನ್ ಒಂದು ಸಂಗತಿ ಗಮನಿಸಿದರು. ಟೊಮೆಟೊ, ಆಲೂಗಡ್ಡೆ ಗಿಡದ ಒಂದು ಎಲೆಯನ್ನು ಹುಳು ತಿಂದರೆ, ತಿನ್ನದ ಬೇರೆ ಎಲೆಗಳಲ್ಲೂ ಹುಳುವಿನ ಹೊಟ್ಟೆ ಕೆಡಿಸುವ ಪ್ರೋಟೀನು ತುಂಬಿಕೊಳ್ಳುತ್ತದೆ. ಹುಳು ಎಷ್ಟು ತಿಂದರೂ ಜೀರ್ಣ ಆಗುವುದಿಲ್ಲ. ಈ ಸುದ್ದಿ ಒಂದು ಎಲೆಯಿಂದ ಇನ್ನೊಂದು ಎಲೆಗೆ ಹೋದದ್ದನ್ನು ಕಣ್ಣಿಂದ ನೋಡಲು 2018ರವರೆಗೆ ಕಾಯಬೇಕಾಯಿತು. ಮಸತ್ಸುಗು ಟೊಯೊಟಾ ಮತ್ತು ಸೈಮನ್ ಗಿಲ್ರಾಯ್ ಅವರ ತಂಡ, ಆಗ ಹೇಳಿದ ಸಾಸಿವೆ ಜಾತಿಯ ಕಳೆಗೆ ಕ್ಯಾಲ್ಸಿಯಂ ಹೆಚ್ಚಾದ ಕಡೆ ಹೊಳೆಯುವಂಥ ಪ್ರೋಟೀನು ಸೇರಿಸಿತು. ಹೊಳೆಯುವ ಭಾಗ ಬಂದದ್ದು ಜೆಲ್ಲಿ ಮೀನಿನಿಂದ. ಹುಳು ಎಲೆಯ ತೊಟ್ಟು ಕಡಿಯುತ್ತಿದ್ದಂತೆ ಗಾಯದಿಂದ ಬೆಳಕಿನ ಅಲೆ ಎದ್ದು, ನರಗಳಂಥ ಎಲೆಯ ಗೆರೆಗಳಲ್ಲೇ ಸಾಗಿ, ಒಂದೆರಡು ನಿಮಿಷದಲ್ಲಿ ದೂರದ ಎಲೆಗಳನ್ನು ಮುಟ್ಟುತ್ತದೆ. ವೇಗ ಸೆಕೆಂಡಿಗೆ 1 ಮಿಲಿಮೀಟರ್ ಸುಮಾರು.

ಅಲೆಯನ್ನು ಎಬ್ಬಿಸುವುದು ಗ್ಲುಟಮೇಟ್. ಗಾಯವಾದ ಕೋಶಗಳಿಂದ ಅದು ಸೋರುತ್ತದೆ. ಗೋಬಿ ಮಂಚೂರಿಗೆ ಹಾಕುವ ಟೇಸ್ಟಿಂಗ್ ಪೌಡರ್ ಇದೆಯಲ್ಲ, ಅದೂ ಗ್ಲುಟಮೇಟೇ. ನಮ್ಮ ಮಿದುಳಿನಲ್ಲೂ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ದಾಟಿಸುವುದು ಹೆಚ್ಚಾಗಿ ಇದೇ ವಸ್ತು. ಇದನ್ನು ಹಿಡಿಯುವ ಗ್ರಾಹಕಗಳು ಗಿಡದಲ್ಲೂ ಇವೆ. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ಫಾರ್ಮರ್ ಅವರ ಪ್ರಯೋಗಾಲಯ 2013ರಲ್ಲಿ ಆ ಜೀನ್‌ಗಳನ್ನು ಕೆಡಿಸಿ ನೋಡಿತು, ವಿದ್ಯುತ್ ಸುದ್ದಿ ದೂರದ ಎಲೆಗೆ ಸರಿಯಾಗಿ ಹೋಗಲಿಲ್ಲ. ಹೌದು, ವಿದ್ಯುತ್ ಸುದ್ದಿಯೂ ಗಿಡದಲ್ಲಿದೆ. ನಮ್ಮ ಜಗದೀಶ ಚಂದ್ರ ಬೋಸ್ ನೂರು ವರ್ಷದ ಹಿಂದೆ ಇದನ್ನೇ ವಾದಿಸಿದ್ದರು. ಮಲೆನಾಡಿನ ಕಡೆ ದಾರಿ ಬದಿಗೆ ಸಿಗುವ ಮುಟ್ಟಿದರೆ ಮುನಿಯಲ್ಲಿ ಅದು ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ಓಡುತ್ತದೆ. ನಮ್ಮ ನರದಲ್ಲಿ ಸೆಕೆಂಡಿಗೆ ಹತ್ತಾರು ಮೀಟರ್.

ಹಾಗಾದರೆ ಗಿಡಕ್ಕೆ ನೋವಾಗುತ್ತದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ವಸ್ತು ಒಂದೇ ಇದ್ದ ಮಾತ್ರಕ್ಕೆ ಮನಸ್ಸು ಇದೆ ಅಂತಾಗುವುದಿಲ್ಲ. ನೋವು ಅನ್ನಲು ಎಲ್ಲ ಸುದ್ದಿ ಬಂದು ಸೇರಿ ಯಾರೋ ಒಬ್ಬರಿಗೆ ಅನುಭವ ಆಗಬೇಕು. ಗಿಡದಲ್ಲಿ ಅಂಥ ಒಂದು ಜಾಗ ಇಲ್ಲ. ಪ್ರತಿ ಎಲೆ, ಪ್ರತಿ ಮೊಗ್ಗು ತನಗೆ ಬಂದದ್ದನ್ನು ನೋಡಿ ತನ್ನ ಕೆಲಸ ಮಾಡುತ್ತದೆ.

ಹತ್ತಿ ಇದರಲ್ಲೂ ಹಿಂದೆ ಬಿದ್ದಿಲ್ಲ. 1996ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಹತ್ತಿ ಗಿಡದ ಕೆಳಗಿನ ಎಲೆಗಳ ಮೇಲೆ ಎಲೆ ತಿನ್ನುವ ಸೈನಿಕ ಹುಳು ಬಿಟ್ಟರು. ಮೇಲಿನ, ಹುಳು ಮುಟ್ಟದ ಎಲೆಗಳು ಒಂದು ವಾಸನೆ ಬಿಡಲು ಶುರು ಮಾಡಿದವು. ಈ ವಾಸನೆ ಹಿಡಿದು ಬರುವ ಸಣ್ಣ ಕಣಜಗಳಿವೆ, ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತವೆ. ಅಷ್ಟಿದ್ದೂ ನಮಗೆ ಔಷಧ ಯಾಕೆ ಬೇಕು ಅಂದರೆ, ಹಸಿರು ಕಾಯಿಕೊರಕ ಆ ಹೊಟ್ಟೆ ಕೆಡಿಸುವ ಪ್ರೋಟೀನಿಗೆ ಬಗ್ಗುವುದಿಲ್ಲ, ತನ್ನ ಜೀರ್ಣರಸವನ್ನೇ ಬದಲಿಸಿಕೊಳ್ಳುತ್ತದೆ. ಗುಲಾಬಿ ಕಾಯಿಕೊರಕ ಕಾಯಿಯ ಒಳಗೇ ಕೂತಿರುವುದರಿಂದ ಕಣಜದ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಆದರೂ ಹುಳು ಎರಡು ಕಂಡ ಕೂಡಲೇ ಕಂಡ ಕಂಡ ಔಷಧ ಹೊಡೆಯುವುದು ಕರೆಗೆ ಓಗೊಟ್ಟು ಬಂದ ಕಣಜವನ್ನೇ ಕೊಲ್ಲುತ್ತದೆ. ಎಣಿಸಿ, ಮಿತಿ ದಾಟಿದೆಯಾ ನೋಡಿ, ಆಮೇಲೆ ಹೊಡೆಯಿರಿ.

ವಿಡಿಯೊ ವಿಷಯ. ಪೂರ್ತಿ ಸುಳ್ಳಲ್ಲ, ಹೇಳಿದ ರೀತಿ ಸುಳ್ಳು. 2023ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದವರು ಟೊಮೆಟೊ ಮತ್ತು ತಂಬಾಕು ಗಿಡದ ಹತ್ತಿರ ಮೈಕ್ ಇಟ್ಟರು. ನೀರಿಲ್ಲದೆ ಬಾಡುತ್ತಿದ್ದ, ಇಲ್ಲವೇ ಕಾಂಡ ಕತ್ತರಿಸಿದ ಗಿಡದಿಂದ ಗಂಟೆಗೆ ಹತ್ತಾರು ಬಾರಿ ಚಟ್ ಅನ್ನುವಂಥ ಸದ್ದು. ಚೆನ್ನಾಗಿ ನೀರುಂಡ ಗಿಡದಿಂದ ಗಂಟೆಗೆ ಒಂದೂ ಇಲ್ಲ. ಸದ್ದಿನ ಕಂಪನ 40ರಿಂದ 80 ಕಿಲೋಹರ್ಟ್ಸ್, ನಮ್ಮ ಕಿವಿ 20ರ ಮೇಲೆ ಕೇಳಿಸಿಕೊಳ್ಳುವುದಿಲ್ಲ. ನೀವು ವಿಡಿಯೊದಲ್ಲಿ ಕೇಳಿದ್ದು ಕಂಪ್ಯೂಟರಿನಲ್ಲಿ ಕಂಪನ ಇಳಿಸಿ ಕಿವಿಗೆ ಕೇಳುವಂತೆ ಮಾಡಿದ ಸದ್ದು. ಬಹುಶಃ ನೀರಿನ ಕೊಳವೆಗಳಲ್ಲಿ ಸೆಳೆತ ತಡೆಯದೆ ಗಾಳಿಗುಳ್ಳೆ ಒಡೆಯುವುದರಿಂದ ಇದು ಬರುತ್ತದೆ. ಅದಕ್ಕೆ ಅಳು ಅಂತ ಹೆಸರಿಟ್ಟು ಹಿನ್ನೆಲೆಗೆ ಶೋಕದ ಸಂಗೀತ ಹಾಕಿದವರು ವ್ಯೂಸ್ ಹುಡುಕುವವರು.

ನಿಮ್ಮ ಹೊಲದಲ್ಲಿ ಇದಕ್ಕಿಂತ ಹತ್ತಿರದ ಒಂದು ತೊಂದರೆ ಇದೆ. ಗಿಡಕ್ಕೆ ನಾವೇ ಕಳಿಸುವ ಸುಳ್ಳು ಸುದ್ದಿ. 2,4-ಡಿ ಕಳೆನಾಶಕ ಅಂದರೆ ಮನುಷ್ಯ ಮಾಡಿದ ಆಕ್ಸಿನ್. ಗಿಡದ ಆಕ್ಸಿನ್ ಥರವೇ ಕೆಲಸ ಮಾಡುತ್ತದೆ, ಆದರೆ ಗಿಡಕ್ಕೆ ಅದನ್ನು ಬೇಗ ಕರಗಿಸಲು ಬರುವುದಿಲ್ಲ. ಭತ್ತ, ಜೋಳ ತಡೆದುಕೊಳ್ಳುತ್ತವೆ. ಹತ್ತಿ ತಡೆಯುವುದಿಲ್ಲ, ಗಾಳಿಯಲ್ಲಿ ತೇಲಿ ಬಂದ ಸ್ವಲ್ಪ ಸಾಕು. ಹೊಸ ಎಲೆ ಅಗಲ ಆಗದೆ ಬೆರಳು ಬೆರಳಾಗಿ ಸೀಳಿ ಬೆಂಡೆ ಎಲೆಯ ರೂಪಕ್ಕೆ ಬರುತ್ತದೆ, ಎಲೆಯ ಗೆರೆಗಳು ಒತ್ತೊತ್ತಾಗುತ್ತವೆ. ಹಳೆಯ ಎಲೆ ಹಾಗೇ ಇರುತ್ತದೆ. ವೈರಸ್ ರೋಗ ಅಂತ ಹೇಳಿ ನನಗೆ ಫೋಟೊ ಕಳಿಸುವವರಲ್ಲಿ ಬಹಳ ಜನರದ್ದು ಇದೇ. ಪಕ್ಕದ ಗದ್ದೆಯಿಂದ ಬಂದಿರಬಹುದು. ಇಲ್ಲ ಅಂದರೆ ಕಳೆನಾಶಕ ಹೊಡೆದ ಪಂಪನ್ನೇ ಬರೀ ನೀರಲ್ಲಿ ತೊಳೆದು ಹತ್ತಿಗೆ ಕೀಟನಾಶಕ ಹೊಡೆದಿರುತ್ತಾರೆ. ಕಳೆನಾಶಕಕ್ಕೆ ಬೇರೆ ಪಂಪ್ ಇಡಿ. ಹತ್ತಿಯ ಮಗ್ಗುಲಲ್ಲಿ ಗಾಳಿ ಇರುವಾಗ 2,4-ಡಿ ಹೊಡೆಯಬೇಡಿ, ಹೊಡೆಯಲೂ ಬಿಡಬೇಡಿ.

ಹೂ, ಮೊಗ್ಗು ಉದುರದಿರಲಿ ಅಂತ ಹತ್ತಿಗೂ ಮೆಣಸಿನಕಾಯಿಗೂ ಹೊಡೆಯುವ ಪ್ಲಾನೋಫಿಕ್ಸ್ ಕೂಡ ಆಕ್ಸಿನ್ ಬಳಗದ್ದೇ. ತೊಟ್ಟಿನ ಬುಡದಲ್ಲಿ ಆಕ್ಸಿನ್ ಬರುತ್ತಿರುವಷ್ಟು ಹೊತ್ತು ಎಥಿಲೀನ್ ಅಲ್ಲಿ ಕತ್ತರಿ ಹಾಕಲಾರದು. ಅದಕ್ಕೆ ಹೊಡೆಯುವುದು. 4.5 ಲೀಟರ್ ನೀರಿಗೆ 1 ಮಿಲಿ ಹಾಕಿದರೆ 10 ಪಿಪಿಎಂ ಆಗುತ್ತದೆ, ಅಷ್ಟು ಸಾಕು. ಇನ್ನೂ ಸ್ವಲ್ಪ ಇರಲಿ ಅಂತ ಸುರಿಯುವ ಔಷಧ ಇದಲ್ಲ. ಪ್ರಮಾಣ ಮೀರಿದರೆ ಆಕ್ಸಿನ್ನೇ ಎಥಿಲೀನ್ ಹುಟ್ಟಿಸುತ್ತದೆ, ಇದ್ದ ಕಾಯಿಯೂ ಉದುರುತ್ತದೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ತಡವಾಗಿ ಬಿತ್ತಿದ ತೊಗರಿಗೆ ಕುಡಿ ಚಿವುಟಬಹುದಾ ಅನ್ನುವುದು.

ತೊಗರಿ ಹೂ ಬಿಡುವುದು ಹಗಲು ಗಿಡ್ಡವಾಗಿ ರಾತ್ರಿ ಉದ್ದವಾದಾಗ. ರಾತ್ರಿಯ ಉದ್ದ ಅಳೆಯುವುದು ಎಲೆ, ಹೂ ಆಗಬೇಕಾದ್ದು ಕುಡಿಯಲ್ಲಿ. ಮತ್ತೆ ಅದೇ ದೂರದ ಸಮಸ್ಯೆ. ಎಲೆಯಿಂದ ಕುಡಿಗೆ ಹೋಗುವ ಒಂದು ವಸ್ತು ಇರಬೇಕು ಅಂತ ಸೋವಿಯತ್ ವಿಜ್ಞಾನಿ ಚೈಲಾಖ್ಯಾನ್ 1930ರ ದಶಕದಲ್ಲಿ ಹೇಳಿ ಅದಕ್ಕೆ ಫ್ಲೋರಿಜನ್ ಅಂತ ಹೆಸರಿಟ್ಟರು. ವಸ್ತು ಸಿಕ್ಕಿದ್ದು 2007ರಲ್ಲಿ. ಎಫ್‌ಟಿ ಅನ್ನುವ ಸಣ್ಣ ಪ್ರೋಟೀನು, ಸಕ್ಕರೆಯ ದಾರಿಯಲ್ಲೇ ಎಲೆಯಿಂದ ತುದಿಗೆ ಹೋಗುತ್ತದೆ. ಅದೇ ವರ್ಷ ಭತ್ತದಲ್ಲೂ ಇದರ ಜೋಡಿ ಸಿಕ್ಕಿತು. ಇದು ತುದಿಗೆ ಮುಟ್ಟಿದ ಮೇಲೆ ಅಲ್ಲಿ ಹುಟ್ಟುವುದು ಎಲೆ ಅಲ್ಲ, ಹೂ. ಕಂಕುಳಿನ ಮೊಗ್ಗುಗಳಿಗೂ ಅದು ಮುಟ್ಟುತ್ತದೆ.

ಜೂನ್, ಜುಲೈನಲ್ಲಿ ಬಿತ್ತಿದ ತೊಗರಿಗೆ 45ರಿಂದ 50 ದಿನಕ್ಕೆ ಕುಡಿ ಚಿವುಟಿ ಅನ್ನುವುದು ಅದಕ್ಕೇ. ಆಗ ಹೂವಿನ ಸುದ್ದಿ ಇನ್ನೂ ಬಂದಿರುವುದಿಲ್ಲ. ಎದ್ದ ಮೊಗ್ಗಿಗೆ ಕವಲಾಗಿ ಬೆಳೆಯಲು ಸಮಯ ಸಿಗುತ್ತದೆ, ಆ ಕವಲುಗಳ ಮೇಲೆ ಆಮೇಲೆ ಹೂ ಬರುತ್ತದೆ. ತಡವಾಗಿ ಬಿತ್ತಿದ ಗಿಡ ಗಿಡ್ಡಗಿರುವಾಗಲೇ ರಾತ್ರಿ ಉದ್ದವಾಗಿಬಿಡುತ್ತದೆ. ಅದು ಬಿತ್ತಿದ ದಿನವನ್ನು ಎಣಿಸುತ್ತಾ ಕೂರುವುದಿಲ್ಲ. ಹಾಗಾಗಿ ನೀವೂ ದಿನ ಎಣಿಸುವುದು ಬಿಟ್ಟು ಕುಡಿಯನ್ನೇ ನೋಡಿ. ಹೊಲದ ನಾಲ್ಕೈದು ಕಡೆ ಒಂದೊಂದು ಕುಡಿ ಕಿತ್ತು, ಸುತ್ತಿಕೊಂಡ ಎಳೆ ಎಲೆಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿ. ಒಳಗೆ ಬರೀ ಎಳೆ ಎಲೆಗಳಿದ್ದರೆ, ಮಣ್ಣಿನಲ್ಲಿ ಹಸಿ ಇದ್ದರೆ, ಚಿವುಟಿ. ತುದಿಯ ಎಳೆ ಭಾಗ 5-6 ಸೆಂಟಿಮೀಟರ್ ಸಾಕು, ಬಲಿತ ಕಾಂಡಕ್ಕೆ ಕೈ ಹಾಕಬೇಡಿ. ಉಣಿಸುವ ಎಲೆ ಕಡಿಮೆಯಾದರೆ ಮೊಗ್ಗಿಗೆ ಸಕ್ಕರೆ ಎಲ್ಲಿಂದ ಬರಬೇಕು?

ಒಳಗೆ ಗುಂಪುಗುಂಪಾಗಿ ದುಂಡನೆಯ ಸಣ್ಣ ಹೂಮೊಗ್ಗು ಕಂಡರೆ ಬಿಟ್ಟುಬಿಡಿ. ಆಗ ಚಿವುಟುವುದು ಕಾಯಿಯನ್ನೇ ಚಿವುಟಿದ ಹಾಗೆ. ಮಣ್ಣು ಒಣಗಿದ್ದರೂ ಬೇಡ, ಒಂದು ಮಳೆ ಆಗಲಿ. ಕೂಲಿ ದುಡ್ಡು ಉಳಿಯುತ್ತದೆ, ಅದನ್ನು ಕಾಯಿಕೊರಕದ ಕಡೆ ನಿಗಾ ಇಡಲು ಖರ್ಚು ಮಾಡಿ. ಮುಂದಿನ ವರ್ಷವೂ ಬಿತ್ತನೆ ತಡವಾದರೆ ಸಾಲಿನ ಅಂತರ ಸ್ವಲ್ಪ ಕಡಿಮೆ ಮಾಡಿ ಗಿಡ ಜಾಸ್ತಿ ಇಡಿ. ಪ್ರತಿ ಗಿಡಕ್ಕೆ ಕವಲು ಕಡಿಮೆ ಬಂದರೂ ಎಕರೆ ಲೆಕ್ಕದಲ್ಲಿ ಸರಿ ಹೋಗುತ್ತದೆ.